ಸದ್ದಿಲ್ಲದ ಗಾಡಿ

ಕರೆಂಟ್ ಮೊಪೆಡ್ ತಗೊಂಡು ಎಂಟು ತಿಂಗಳಾಯಿತು. ಶಿರಸಿ ಕಡೆಯ ನಮ್ಮ ತೋಟದ ದಾರಿ ಅಂದರೆ ಡಾಂಬರು ಕಾಣದ ಕೆಮ್ಮಣ್ಣು, ನಡುನಡುವೆ ಮರದ ಬೇರು, ಆಮೇಲೆ ಒಂದು ಹಳ್ಳ. ಹಿಂದೆ 50 ಕೆಜಿ ಗೊಬ್ಬರದ ಚೀಲ, ಮುಂದೆ ಕಾಲಿನ ಹತ್ತಿರ ದನದ ಹಿಂಡಿ. ಏರು ಹತ್ತುವಾಗ ಎಳೆತಕ್ಕೆ ಮೋಸವಿಲ್ಲ. ಮೋಟಾರು ನಿಂತಲ್ಲಿಂದಲೇ ಜೋರು ಬಲ ಕೊಡುತ್ತದೆ. ಕೈಕೊಡುವುದು ಟೈರು. ಮಳೆಗಾಲದಲ್ಲಿ ಎರಡು ಸಲ ಜಾರಿ ಬಸಿಗಾಲುವೆಗೆ ಇಳಿದಿದ್ದೇನೆ, ಚೀಲದ ಸಮೇತ. (ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಊರಿಗೆಲ್ಲ ಗೊತ್ತಾಗಿದೆ.)

ಬ್ಯಾಟರಿ ಬಿಚ್ಚಿ ಜಗಲಿಗೆ ತಂದು ಚಾರ್ಜ್‌ಗೆ ಹಾಕಬೇಕು. ಗಾಳಿಮಳೆಗೆ ಎರಡು ದಿನ ಕರೆಂಟ್ ಹೋದರೆ ಗಾಡಿ ಸುಮ್ನೆ ಕೊಟ್ಟಿಗೆಯಲ್ಲಿ. ಆಗ ಪಕ್ಕದ ಮನೆ ಅಣ್ಣಯ್ಯ ತಮ್ಮ ಹಳೇ ಟಿವಿಎಸ್ ಎಕ್ಸ್‌ಎಲ್ ಮೇಲೆ ಬೇಕಂತಲೇ ನಮ್ಮ ಅಂಗಳದ ಮುಂದೆ ಎರಡು ಸುತ್ತು ಜಾಸ್ತಿ ಹಾಕುತ್ತಾರೆ.

ಆದರೆ ಸದ್ದಿಲ್ಲ ನೋಡಿ. ಮೊನ್ನೆ ಬೆಳಿಗ್ಗೆ ತಿರುವಿನಲ್ಲಿ ನವಿಲು ಎದುರಾಯಿತು. ನಾಲ್ಕು ಮಾರು ಹತ್ತಿರ ಹೋದರೂ ಹಾರಲಿಲ್ಲ, ನನ್ನನ್ನೇ ನೋಡುತ್ತಾ ನಿಂತಿತ್ತು.

ಮೊದಲೆಲ್ಲ ನನ್ನ ಬೈಕಿನ ಸದ್ದು ಹಳ್ಳದ ಹತ್ತಿರ ಕೇಳಿದಾಗಲೇ ಅಮ್ಮ ಚಹಾಕ್ಕೆ ನೀರಿಡುತ್ತಿದ್ದಳು. ಈಗ ಹಾರ್ನ್ ಹೊಡೆದು ತಿಳಿಸಬೇಕು.