ಮನೆಶಾಲೆಯಲ್ಲಿ ಬೇಟೆಯ ವಿದ್ಯೆ: ತಂದೆತಾಯಿಯೂ ವಿದ್ಯಾರ್ಥಿಗಳೇ

ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವಾಗ ಬಹುತೇಕ ವಿಷಯಗಳಲ್ಲಿ ಉತ್ತರ ನಮಗೆ ಮೊದಲೇ ಗೊತ್ತಿರುತ್ತದೆ. ಮಗು ಅದನ್ನು ತಲುಪುವವರೆಗೆ ನಾವು ಕಾಯುತ್ತೇವೆ, ಅಷ್ಟೆ. ಬೇಟೆಯ ವಿದ್ಯೆಯನ್ನು ಪಾಠಗಳಿಗೆ ಸೇರಿಸಿಕೊಂಡಾಗ ನನಗಾಗಲಿ ನನ್ನ ಪತಿಗಾಗಲಿ ಆ ಅನುಕೂಲ ಇರಲಿಲ್ಲ, ಏಕೆಂದರೆ ನಾವಿಬ್ಬರೂ ಕಾಡು, ಬಂದೂಕು, ದಿಕ್ಸೂಚಿ ಯಾವುದರ ಪರಿಚಯವೂ ಇಲ್ಲದೆ ಬೆಳೆದವರು. ಮಕ್ಕಳ ಜೊತೆ ಕುಳಿತು ಮೊದಲಿನಿಂದ ಕಲಿಯಬೇಕಾಗಿ ಬಂದದ್ದೇ ಈ ವಿಷಯದ ದೊಡ್ಡ ಲಾಭ ಎಂದು ನಾನು ನಂಬುತ್ತೇನೆ.

ನಾವು ವಾಸಿಸುವ ದೇಶದಲ್ಲಿ ಪರವಾನಗಿ ಪಡೆದವರು ನಿಗದಿತ ಋತುವಿನಲ್ಲಿ ಬೇಟೆಯಾಡಬಹುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಅಲ್ಲಿನ ಓದುಗರು ಬಂದೂಕಿನ ಭಾಗವನ್ನು ಬಿಟ್ಟು ಉಳಿದುದನ್ನು ಕಲಿಯಬಹುದು, ಮತ್ತು ಉಳಿದುದೇ ಹೆಚ್ಚು.

ನಮ್ಮ ಸಮಯದ ಬಹುಪಾಲು ಹೋಗುವುದು ಹೆಜ್ಜೆಗುರುತುಗಳನ್ನು ಓದುವುದರಲ್ಲಿ. ನಾಯಿಯ ಜಾತಿಯ ಪ್ರಾಣಿಗಳ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರಿನ ಗುರುತು ಮೂಡುತ್ತದೆ. ಬೆಕ್ಕಿನ ಜಾತಿಯವು ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಅವುಗಳ ಹೆಜ್ಜೆಯಲ್ಲಿ ಅದು ವಿರಳ. ನರಿ ಮುಂಗಾಲು ಊರಿದ ಜಾಗದಲ್ಲೇ ಎಷ್ಟೋ ಸಲ ಹಿಂಗಾಲನ್ನೂ ಊರುವುದರಿಂದ, ನಾಲ್ಕು ಕಾಲಿನ ಪ್ರಾಣಿಯ ಜಾಡು ಎರಡೇ ಕಾಲಿನದರಂತೆ ಕಾಣುತ್ತದೆ. ಮಗಳು ಒಂದು ಗುರುತನ್ನು ತೋರಿಸಿ ಇದು ನರಿಯದು ಎಂದಾಗ ಸರಿ ಅಥವಾ ತಪ್ಪು ಎಂದು ಹೇಳುವ ಅಧಿಕಾರ ನನಗಿಲ್ಲ. ಇಬ್ಬರೂ ಅಳತೆಪಟ್ಟಿ ಹಿಡಿದು, ಮುಂದಿನ ಹೆಜ್ಜೆಯನ್ನು ಹುಡುಕಿ, ನಡಿಗೆಯ ಅಂತರವನ್ನು ಬರೆದುಕೊಂಡು, ಆಮೇಲೆ ವಾದಿಸುತ್ತೇವೆ. ಎಷ್ಟೋ ವಾದಗಳಲ್ಲಿ ಅವಳೇ ಗೆದ್ದಿದ್ದಾಳೆ, ಏಕೆಂದರೆ ಅವಳ ಕಣ್ಣು ನೆಲಕ್ಕೆ ನನಗಿಂತ ಹತ್ತಿರದಲ್ಲಿದೆ.

ಗಾಳಿಯ ಪಾಠ ವಿಜ್ಞಾನದ ಪಾಠವೂ ಹೌದು. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಕಾದು ಮೇಲಕ್ಕೆ ಹರಿಯುತ್ತದೆ, ಸಂಜೆ ತಣಿದು ಕೆಳಕ್ಕಿಳಿಯುತ್ತದೆ. ಆದ್ದರಿಂದ ನಮ್ಮ ವಾಸನೆ ಜಿಂಕೆಗೆ ತಲುಪಬಾರದೆಂದರೆ ಬಿಸಿಲು ಬಂದ ಮೇಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಜಿಂಕೆಯ ಕಣ್ಣಿನಲ್ಲಿ ಕೆಂಪು ಬಣ್ಣವನ್ನು ಗುರುತಿಸುವ ಕೋಶಗಳಿಲ್ಲ. ಬೇಟೆಗಾರರು ತೊಡುವ ಹೊಳೆಯುವ ಕಿತ್ತಳೆ ಅಂಗಿ ಇತರ ಮನುಷ್ಯರಿಗೆ ದೂರದಿಂದಲೇ ಕಂಡರೂ ಜಿಂಕೆಗೆ ಹಾಗೆ ಎದ್ದು ಕಾಣುವುದಿಲ್ಲ.

ದಿಕ್ಸೂಚಿ ಬಂದ ಮೇಲೆ ತ್ರಿಕೋನಮಿತಿಯ ಬಗ್ಗೆ ಮಕ್ಕಳ ಗೊಣಗಾಟ ನಿಂತಿತು. ದಿಕ್ಕಿನಲ್ಲಿ ಒಂದೇ ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಸುಮಾರು 17 ಮೀಟರ್ ಪಕ್ಕಕ್ಕೆ ಸರಿದಿರುತ್ತೇವೆ ಎಂಬುದನ್ನು ಅವರು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಬಳಿಕ ಬಯಲಿನಲ್ಲಿ ನಡೆದು ನೋಡಿದರು. ಇಷ್ಟಾದರೂ ದಾರಿ ತಪ್ಪಿದರೆ ನಿಯಮ ಒಂದೇ: ಅಲೆಯದೆ ಇದ್ದಲ್ಲೇ ಇದ್ದು, ಮೂರು ಸಲ ಸೀಟಿ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ ಊದಬೇಕು.

ಬಂದೂಕಿನ ವಿಷಯದಲ್ಲಿ ನಾವು ಕಟ್ಟುನಿಟ್ಟು. ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿಯಬೇಕು, ನಳಿಗೆಯನ್ನು ಯಾರತ್ತಲೂ ತಿರುಗಿಸಬಾರದು, ಗುರಿ ಹಿಡಿಯುವ ತನಕ ಬೆರಳು ಕುದುರೆಯ (ಟ್ರಿಗರ್) ಮೇಲೆ ಹೋಗಬಾರದು, ಗುರಿಯ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಇದರಲ್ಲಿ ಯಾವುದನ್ನು ಯಾರು ಮೀರಿದರೂ, ಅದು ಅಪ್ಪನೇ ಆಗಿರಲಿ, ಕಂಡವರು ತಕ್ಷಣ ಅಭ್ಯಾಸ ನಿಲ್ಲಿಸಬಹುದು. ಈ ಅಧಿಕಾರವನ್ನು ಮಕ್ಕಳಿಗೂ ಕೊಡದೆ ಬಂದೂಕು ಕಲಿಸುವುದು ನನ್ನ ದೃಷ್ಟಿಯಲ್ಲಿ ಅಪಾಯಕರ.

ಜಿಂಕೆಯನ್ನು ಕೊಯ್ದು ಮಾಂಸ ಬೇರ್ಪಡಿಸುವಾಗ ಅಂಗರಚನೆಯ ಚಿತ್ರಪಟ ಬೇಕಾಗುವುದಿಲ್ಲ. ಮೆಲುಕು ಹಾಕುವ ಹೊಟ್ಟೆಯ ನಾಲ್ಕು ಕೋಣೆಗಳು, ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲದ ಗಟ್ಟಿ ವಸಡು, ಪಿತ್ತಕೋಶವೇ ಇಲ್ಲದ ಯಕೃತ್ತು, ಎಲ್ಲವೂ ಕೈಗೆ ಸಿಗುತ್ತವೆ. ಆದರೆ ಮಾಂಸ ಬೇಗ ತಣಿಯದಿದ್ದರೆ ಕೆಡುವುದರಿಂದ ಕೈಯೂ ಚುರುಕಾಗಿ ಓಡಬೇಕು. ಒಂದು ಜೀವ ಹೋಗಿದೆ ಎಂಬುದನ್ನು ನಾವು ಮಕ್ಕಳಿಂದ ಮರೆಮಾಚುವುದಿಲ್ಲ. ಹಾಗಾಗಿಯೇ, ಜಿಂಕೆ ಎದುರಿಗೆ ಬಂದು ನಿಂತಾಗ ಮಗಳು ಬೇಡವೆಂದರೆ ಯಾರೂ ಕಾರಣ ಕೇಳದೆ ಬಂದೂಕನ್ನು ಕೆಳಗಿಳಿಸುತ್ತೇವೆ ಎಂದು ಅವಳಿಗೆ ಮೊದಲೇ ಮಾತು ಕೊಟ್ಟಿದ್ದೇವೆ.