ಗಾಯಗೊಂಡ ಹದಿಹರೆಯದವರ ಹತ್ತಿರ ಕುಡಿತ, ಗಾಂಜಾ ಬಗ್ಗೆ ಕೇಳುವುದು ಯಾವಾಗ, ಹೇಗೆ

ಬೈಕ್‌ನಿಂದ ಬಿದ್ದು ಬಂದ 16ರ ಹುಡುಗನ ಕೇಸ್ ಶೀಟ್‌ನಲ್ಲಿ ‘ಅಭ್ಯಾಸಗಳು: ಇಲ್ಲ’ ಎಂದು ಬರೆದಿದ್ದರೆ, ಆ ಉತ್ತರ ಯಾರದ್ದು ಎಂದು ಮೊದಲು ವಿಚಾರಿಸಿ. ಹೆಚ್ಚಿನ ಸಲ ಅದು ಪಕ್ಕದಲ್ಲಿ ನಿಂತ ಅಮ್ಮನದು, ಇಲ್ಲವೇ ಅಮ್ಮನ ಎದುರಿಗೆ ಹುಡುಗ ಹೇಳಿದ್ದು. ಎರಡನ್ನೂ ನೆಚ್ಚಿಕೊಳ್ಳುವಂತಿಲ್ಲ.

ಬಂದ ಕೂಡಲೇ ಕೇಳುವ ಪ್ರಶ್ನೆಯೂ ಇದಲ್ಲ. ಉಸಿರಾಟ, ರಕ್ತಸ್ರಾವ, ತಲೆಪೆಟ್ಟು ಮೊದಲು. ಬಾಯಿಂದ ವಾಸನೆ ಬರುತ್ತಿದೆ ಎಂದು ಮಂಪರನ್ನು ಕುಡಿತದ ಲೆಕ್ಕಕ್ಕೆ ಹಾಕುವುದು ಎಮರ್ಜೆನ್ಸಿಗಳ ಹಳೇ ಚಾಳಿ. ತಲೆಯೊಳಗೆ ರಕ್ತಸ್ರಾವವಿಲ್ಲ ಎಂದು ಖಚಿತವಾಗುವ ತನಕ ಇದೆ ಎಂದೇ ತಿಳಿದು ನಡೆಯಬೇಕು. ರಕ್ತದ ಸಕ್ಕರೆಯನ್ನೂ ನೋಡಬೇಕು. ಕುಡಿದ ಎಳೆಯರಲ್ಲಿ ಅದು ಕುಸಿಯುವುದುಂಟು.

ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಸ್ಕೋರ್ ಪೂರ್ತಿ 15 ಇದ್ದು, ದಿನ, ಜಾಗ ಸರಿಯಾಗಿ ಹೇಳುತ್ತಿದ್ದು, ನೋವು ಹತೋಟಿಗೆ ಬಂದಿದ್ದರೆ ಅದೇ ಸರಿಯಾದ ಹೊತ್ತು. ಅಡ್ಮಿಟ್ ಆದವರಿಗೆ ಸಾಮಾನ್ಯವಾಗಿ ಮರುದಿನ. ಹೊಲಿಗೆ ಹಾಕಿಸಿಕೊಂಡು ಮನೆಗೆ ಹೊರಟವರಿಗೆ ಡಿಸ್ಚಾರ್ಜ್‌ಗೆ ಮುಂಚೆ.

ಮನೆಯವರನ್ನು ಹೊರಗೆ ಕಳಿಸುವುದೇ ಕಷ್ಟದ ಕೆಲಸ. ‘ಈ ವಯಸ್ಸಿನ ಎಲ್ಲರ ಹತ್ತಿರವೂ ಹತ್ತು ನಿಮಿಷ ಒಂಟಿಯಾಗಿ ಮಾತಾಡ್ತೀವಿ, ಇಲ್ಲಿನ ಪದ್ಧತಿ’ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಆ ಮಾತು ನಿಜವೂ ಆಗಿರಬೇಕು. ಕಿವಿಗೆ ಓಲೆ ಹಾಕಿದ ಹುಡುಗನನ್ನು ಕೇಳಿ, ಮೆಟ್ಟಿಲಿಂದ ಬಿದ್ದ ಮೌನಿ ಹುಡುಗಿಯನ್ನು ಬಿಟ್ಟರೆ ಅದು ಸ್ಕ್ರೀನಿಂಗ್ ಅಲ್ಲ, ಅನುಮಾನ. ಅಂದಹಾಗೆ, ಪರದೆ ಗೋಡೆಯಲ್ಲ. ಪಕ್ಕದ ಮಂಚಕ್ಕೆ ಎಲ್ಲವೂ ಕೇಳಿಸುತ್ತದೆ. ಗುಟ್ಟಿನ ಮಿತಿಯನ್ನು ಮೊದಲೇ ಹೇಳಿ: ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಹಾನಿ, ದೌರ್ಜನ್ಯ ಇದ್ದರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ ಎಂದು.

ಪ್ರಶ್ನೆಗಳಿಗೆ 12ರಿಂದ 21 ವಯಸ್ಸಿನವರಿಗಾಗಿಯೇ ಮಾಡಿದ, ಆರು ಪ್ರಶ್ನೆಗಳ ಕ್ರಾಫ್ಟ್ (CRAFFT) ಪ್ರಶ್ನಾವಳಿ ಸಾಕು. ಕಳೆದ 12 ತಿಂಗಳಲ್ಲಿ ಮದ್ಯ, ಗಾಂಜಾ, ಬೇರೆ ನಶೆ ಎಷ್ಟು ದಿನ ಎಂದು ಮೊದಲು ಕೇಳಬೇಕು. ಎಲ್ಲಕ್ಕೂ ಸೊನ್ನೆ ಎಂದರೆ ವಾಹನದ ಪ್ರಶ್ನೆಯೊಂದೇ. ಯಾವುದಾದರೂ ಇದ್ದರೆ ಆರೂ ಪ್ರಶ್ನೆ. ಎರಡು ಅಥವಾ ಹೆಚ್ಚು ‘ಹೌದು’ ಬಂದರೆ ಅಪಾಯ ಹೆಚ್ಚು, ಮುಂದಿನ ತಪಾಸಣೆ ಬೇಕು. ನಶೆಯಲ್ಲಿದ್ದವರು ಓಡಿಸಿದ ಗಾಡಿಯಲ್ಲಿ ಕೂತಿದ್ದೀಯಾ, ನೀನೇ ಓಡಿಸಿದ್ದೀಯಾ ಎಂಬುದು ವಾಹನದ ಪ್ರಶ್ನೆ. ಒಂದು ಹನಿಯೂ ಮುಟ್ಟದ ಹುಡುಗಿ ಗೆಳೆಯನ ಬೈಕಿನ ಹಿಂದೆ ಕೂತು ಕಾಲು ಮುರಿದುಕೊಂಡಿರಬಹುದು. ಅವಳಿಗೆ ಬೇಕಾದದ್ದು ಉಪದೇಶವಲ್ಲ, ರಾತ್ರಿ ಯಾರಿಗೆ ಫೋನ್ ಮಾಡಿ ಕರೆಸಿಕೊಳ್ಳಬೇಕೆಂಬ ಒಂದು ಹೆಸರು.

ಮೂತ್ರ ಪರೀಕ್ಷೆ ಇದ್ದಮೇಲೆ ಕೇಳುವುದೇಕೆ ಎನ್ನುವವರಿದ್ದಾರೆ. ರಕ್ತದಲ್ಲಿ ಆಲ್ಕೋಹಾಲ್ ಗಂಟೆಗೆ ಸುಮಾರು 15-20 ಮಿಲಿಗ್ರಾಂ/ಡೆಸಿಲೀಟರ್‌ನಂತೆ ಇಳಿಯುತ್ತದೆ. ತಡವಾಗಿ ಬಂದವರ ವರದಿ ಶುದ್ಧವಾಗಿಯೇ ಇರಬಹುದು. ಗಾಂಜಾ ಇದಕ್ಕೆ ತಿರುಗಾಮುರುಗ: ದಿನವೂ ಸೇದುವವರ ಮೂತ್ರದಲ್ಲಿ ವಾರಗಟ್ಟಲೆ ಉಳಿಯುವುದರಿಂದ, ಬೀಳುವಾಗ ನಶೆಯಿತ್ತೇ ಎಂಬುದು ಗೊತ್ತಾಗದು. ಆಂಬುಲೆನ್ಸ್‌ನಲ್ಲಿ ಕೊಟ್ಟ ಮಾರ್ಫಿನ್ ಪಾಸಿಟಿವ್ ತೋರಿಸುತ್ತದೆ. ಮಾರ್ಫಿನ್‌ಗಿಂತ ಪ್ರಬಲವಾದ ಫೆಂಟನಿಲ್, ಮೂಸುವ ದ್ರಾವಕಗಳು ಸಾಮಾನ್ಯ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಸಿಗುವುದಿಲ್ಲ. ಎಚ್ಚರವಿರುವ ಹುಡುಗನಿಗೆ ಹೇಳದೆ ಮೂತ್ರ ಪರೀಕ್ಷೆಗೆ ಕಳಿಸಿದರೆ ಅವನು ಮತ್ತೆ ಬಾಯಿಬಿಡುವುದಿಲ್ಲ.

ಉತ್ತರ ಸಿಕ್ಕ ಮೇಲೆ ಅಲ್ಲೇ ಐದು-ಹತ್ತು ನಿಮಿಷ ಮಾತಾಡಬೇಕು. ‘ಬಿಡಬೇಕು ಅಂತ 10ಕ್ಕೆ ಎಷ್ಟು ಅನಿಸುತ್ತೆ?’ 3 ಎಂದರೆ, ‘ಯಾಕೆ 1 ಅನ್ನಲಿಲ್ಲ?’ ಆಗ ಕಾರಣ ಅವನ ಬಾಯಿಂದಲೇ ಬರುತ್ತದೆ. ದಿನವೂ ಕುಡಿಯುವವನೆಂದು ಗೊತ್ತಾದರೆ ನರ್ಸ್‌ಗೆ ಹೇಳಿ: ಕುಡಿತ ನಿಂತಿದ್ದರಿಂದ, ಕೊನೆಯ ಬಾರಿ ಕುಡಿದ 6-24 ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾದೀತು. ಒಪಿಯಾಯ್ಡ್ (ಮಾರ್ಫಿನ್ ಜಾತಿಯ) ನೋವಿನ ಮಾತ್ರೆ ಬೇಕೇಬೇಕಾದರೆ ಕೆಲವೇ ದಿನಕ್ಕೆ ಬರೆದು, ದೊಡ್ಡವರ ಕೈಗೆ ಕೊಡಿ. ಮುಂದಿನ ಭೇಟಿಯ ದಿನಾಂಕ ವಾರ್ಡ್‌ನಲ್ಲೇ ಗೊತ್ತಾಗಿರಲಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನು ಬರೆಯಬೇಕೆಂಬುದನ್ನು ಹುಡುಗನ ಜೊತೆ ಮಾತಾಡಿ ತೀರ್ಮಾನಿಸಿ. ಆ ಕಾಗದ ನೇರವಾಗಿ ಹೋಗುವುದು ಅಪ್ಪನ ಕೈಗೆ.