ದಿನಾ ಓಡಿಸುವ ಟರ್ಬೊ ಕಾರಿಗೆ ಯಾವ ಟ್ಯೂನ್?

ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕಾರುಗಳ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರನ್ನು ರೀಮ್ಯಾಪ್ ಮಾಡುವುದು ನನ್ನ ಕೆಲಸ. ಎಂಜಿನ್ ಓಡುವಾಗ ದಾಖಲಾದ ಲಾಗ್ ಓದುವುದು, ಇಸಿಯು ಒಳಗಿನ ಲೆಕ್ಕಗಳ ಫೈಲ್ ತಿದ್ದುವುದು, ಓಡಿಸಿ ನೋಡಿ ಮತ್ತೆ ತಿದ್ದುವುದು. ಬಂದವರು ಮೊದಲು ಕೇಳುವುದು "ಎಷ್ಟು ಪಿಎಸ್ ಬರತ್ತೆ ಸರ್?" ಅಂತ, ಅಂದರೆ ಎಂಜಿನ್ನಿನ ಪವರ್ ಎಷ್ಟು ಅಂತ. ನಾನು ಮೊದಲು ಕೇಳುವುದು "ಪೆಟ್ರೋಲ್ ಎಲ್ಲೆಲ್ಲಿ ಹಾಕಿಸ್ತೀರಿ?" ಅಂತ.

ಇತ್ತೀಚೆಗೆ ಬಂದ ಒಬ್ಬರ ಕಾರನ್ನೇ ತಗೊಳ್ಳಿ. ಫೋಕ್ಸ್‌ವ್ಯಾಗನ್ 1.0 ಟಿಎಸ್‌ಐ, ಆರು ಗೇರಿನ ಮ್ಯಾನ್ಯುಯಲ್. ಕಂಪನಿ ಲೆಕ್ಕದಲ್ಲಿ 115 ಪಿಎಸ್, 178 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ವಾರವಿಡೀ ವೈಟ್‌ಫೀಲ್ಡಿನ ಆಫೀಸಿಗೆ ಓಡಾಟ, ರಜೆ ಸಿಕ್ಕರೆ ಸಕಲೇಶಪುರದ ಕಡೆಯ ಊರಿಗೆ. ಅವರಿಗೆ ಬೇಕಾಗಿದ್ದು 100 ಆಕ್ಟೇನ್ ಪೆಟ್ರೋಲಿಗೆ ಬರೆದ ಫೈಲ್. "ಯಾವಾಗಲೂ ಅದನ್ನೇ ಹಾಕಿಸ್ತೀನಿ ಸರ್" ಅಂದರು. ಬೆಂಗಳೂರಿನಲ್ಲಿ ಅದು ಆಗುವ ಮಾತೇ. ಆದರೆ ಎಕ್ಸ್‌ಪಿ100 ತರಹದ ಪೆಟ್ರೋಲ್ ಆಯ್ದ ಕೆಲವೇ ಬಂಕುಗಳಲ್ಲಿ ಸಿಗುತ್ತದೆ. ಊರಿನಿಂದ ವಾಪಸ್ ಬರುವಾಗ ಟ್ಯಾಂಕ್ ಖಾಲಿಯಾದರೆ ಸಿಕ್ಕಿದ್ದನ್ನೇ ಹಾಕಿಸಬೇಕು, ಅಲ್ವಾ? ಆ ಮೇಲೆ ಏರು ರಸ್ತೆ, ಕಾರಿನ ತುಂಬ ಲೋಡು.

ಆಗ ಒಳಗೆ ಏನಾಗುತ್ತದೆ ಅಂದರೆ, ಜಾಸ್ತಿ ಆಕ್ಟೇನಿನ ಪೆಟ್ರೋಲ್ ಹೆಚ್ಚು ಒತ್ತಡ, ಹೆಚ್ಚು ಬಿಸಿ ತಡೆಯುತ್ತದೆ, ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಅದನ್ನು ನಂಬಿ ಬರೆದ ಫೈಲ್ ಸ್ಪಾರ್ಕ್ ಟೈಮಿಂಗನ್ನು ಮುಂದಕ್ಕೆ ತಂದಿರುತ್ತದೆ, ಅಂದರೆ ಸ್ಪಾರ್ಕ್ ಬೇಗ ಬರುತ್ತದೆ. ಕಮ್ಮಿ ಆಕ್ಟೇನ್ ಬಿದ್ದರೆ ಇಂಧನ ತಾನಾಗಿ ಸಿಡಿದು ಎಂಜಿನ್ ನಾಕ್ ಆಗತೊಡಗುತ್ತದೆ. ನಾಕ್ ಸೆನ್ಸರ್ ಅದನ್ನು ಗುರುತಿಸುತ್ತದೆ, ಇಸಿಯು ಟೈಮಿಂಗ್ ಹಿಂದಕ್ಕೆಳೆಯುತ್ತದೆ, ಅಂದರೆ ಸ್ಪಾರ್ಕ್ ತಡಮಾಡುತ್ತದೆ. ಕಾರು ಓಡುತ್ತದೆ, ಆದರೆ ದುಡ್ಡು ಕೊಟ್ಟು ಹಾಕಿಸಿದ ಪವರ್ ಇರುವುದಿಲ್ಲ, ಎಕ್ಸಾಸ್ಟ್ ಬಿಸಿಯೂ ಏರುತ್ತದೆ. ನಾಕ್ ಸೆನ್ಸರ್ ಇರುವುದು ಅಪಾಯ ಬಂದಾಗ ಕಾಪಾಡಲು. ದಿನವಿಡೀ ಅದರ ಮೇಲೆ ಭಾರ ಹಾಕುವ ಫೈಲ್ ನಾನು ಕೊಡುವುದಿಲ್ಲ. ನಿಮ್ಮ ದಾರಿಯಲ್ಲಿ ಸಿಗುವ ಅತಿ ಸಾಧಾರಣ ಪೆಟ್ರೋಲಿಗೆ ಹೊಂದುವ ಫೈಲೇ ನಿಮ್ಮ ಫೈಲ್.

ಈಗ ಬಂಕುಗಳಲ್ಲಿ ಇ20, ಅಂದರೆ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ ಬಂದಿರುವುದು ಈ ಲೆಕ್ಕವನ್ನು ಸ್ವಲ್ಪ ಬದಲಿಸಿದೆ. ಎಥನಾಲ್ ಸೇರಿದ್ದರಿಂದ ಸಾದಾ ಪೆಟ್ರೋಲಿನ ಆಕ್ಟೇನ್ ಹಿಂದಿನ 91ರಿಂದ 95ಕ್ಕೆ ಏರಿದೆ. ನಾಕ್ ವಿಷಯದಲ್ಲಿ ಇದು ಒಳ್ಳೆಯದೇ. ಆದರೆ ಎಥನಾಲಿನಲ್ಲಿ ಶಕ್ತಿ ಕಮ್ಮಿ, ಅಷ್ಟೇ ಗಾಳಿಗೆ ಜಾಸ್ತಿ ಇಂಧನ ಬೇಕು. ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ ಹೆಚ್ಚಿಸಿದ ಮೇಲಂತೂ ಇಂಧನದ ಹೈ ಪ್ರೆಶರ್ ಪಂಪಿಗೆ ಎರಡೂ ಕಡೆಯಿಂದ ಕೆಲಸ ಹೆಚ್ಚುತ್ತದೆ. ಇ20 ಬರುವ ಮುಂಚೆ ಬರೆದ ಹಳೇ ಫೈಲನ್ನೇ ಯಾರಾದರೂ ಹಾಗೇ ಹಾಕಿ ಕೊಟ್ಟರೆ, ಪೂರ್ತಿ ಆಕ್ಸಲರೇಟರ್ ಒತ್ತಿದಾಗ ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಇಂಧನದ ಒತ್ತಡ) ಬೀಳುತ್ತದೆಯೇ ಅಂತ ಲಾಗ್‌ನಲ್ಲಿ ನೋಡಲೇಬೇಕು.

ಇನ್ನು ಪಿಎಸ್ ವಿಷಯ. ಇಲ್ಲಿ ಒಂದು ಚಿಕ್ಕ ಲೆಕ್ಕ ಹಾಕಿ ತೋರಿಸುತ್ತೇನೆ, ಬಂದವರಿಗೂ ಕಾಗದದ ಮೇಲೆ ಇದನ್ನೇ ಬರೆದು ತೋರಿಸುವುದು. ಟಾರ್ಕನ್ನು ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು) ಗುಣಿಸಿ 7024ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ. ಈ ಕಾರಿನಲ್ಲಿ 178 ನ್ಯೂಟನ್ ಮೀಟರ್ 1750ರಿಂದ 4500 ಆರ್‌ಪಿಎಂ ತನಕ ಇರುತ್ತದೆ, ಆಮೇಲೆ ಇಳಿಯುತ್ತದೆ. 5500ರಲ್ಲಿ 115 ಪಿಎಸ್ ಅಂದರೆ ಅಲ್ಲಿ ಟಾರ್ಕ್ ಸುಮಾರು 147 ಮಾತ್ರ. ಅದೇ 5500ರಲ್ಲಿ 172 ಉಳಿಸಿಕೊಂಡರೆ ಸುಮಾರು 135 ಪಿಎಸ್ ಬರುತ್ತದೆ. ಅಂದರೆ ಕಂಪನಿ ಕೊಟ್ಟ ಗರಿಷ್ಠ ಟಾರ್ಕ್ ದಾಟದೆಯೇ 20 ಪಿಎಸ್ ಹೆಚ್ಚಿಸಬಹುದು. ಕ್ಲಚ್ಚಿಗೆ ಹೊಸ ಭಾರವೇ ಇಲ್ಲ. ಆದರೆ ಟರ್ಬೊ ಚಿಕ್ಕದು, ಮೇಲಿನ ಆರ್‌ಪಿಎಂನಲ್ಲಿ ಅಷ್ಟು ಗಾಳಿ ತಳ್ಳಲು ಏದುಸಿರು ಬಿಡುತ್ತದೆ. ಜೊತೆಗೆ ಆಫೀಸಿಗೆ ಹೋಗುವ ದಾರಿಯಲ್ಲಿ 5500 ಯಾರು ಮುಟ್ಟುತ್ತಾರೆ?

ಹಾಗಾಗಿ ಹೆಚ್ಚಿನ ಫೈಲುಗಳು ಪಿಕಪ್ ತೋರಿಸಲು ಕೆಳಗಿನ ಆರ್‌ಪಿಎಂನಲ್ಲೇ ಟಾರ್ಕ್ ಸುರಿಯುತ್ತವೆ. ಟೆಸ್ಟ್ ಡ್ರೈವಿನಲ್ಲಿ ಬೆನ್ನಿಗೆ ಸೀಟು ಒತ್ತುತ್ತದೆ, ಗಿರಾಕಿಗೆ ಖುಷಿ. ನನಗೆ ಭಯ ಇರುವುದು ಅಲ್ಲೇ. ನೇರವಾಗಿ ಸಿಲಿಂಡರ್ ಒಳಗೇ ಪೆಟ್ರೋಲ್ ಸಿಂಪಡಿಸುವ ಚಿಕ್ಕ ಟರ್ಬೊ ಎಂಜಿನ್ನುಗಳಲ್ಲಿ ಕಮ್ಮಿ ಆರ್‌ಪಿಎಂ, ಜಾಸ್ತಿ ಲೋಡ್ ಸೇರಿದಾಗ ಸ್ಪಾರ್ಕಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯ ಇದೆ. ಇದಕ್ಕೆ ಎಲ್‌ಎಸ್‌ಪಿಐ ಅನ್ನುತ್ತಾರೆ. ಇದು ಮಾಮೂಲಿ ನಾಕ್‌ನಂತಲ್ಲ. ಟೈಮಿಂಗ್ ಹಿಂದೆಳೆದರೂ ನಿಲ್ಲುವುದಿಲ್ಲ, ಯಾಕೆಂದರೆ ಸ್ಪಾರ್ಕ್ ಇನ್ನೂ ಬಂದೇ ಇರುವುದಿಲ್ಲ. ಜೋರಾದ ಒಂದು ಏಟು ಸಾಕು, ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯಬಹುದು. ಫ್ಲೈಓವರ್ ಹತ್ತುವಾಗ ಗೇರ್ ಇಳಿಸದೆ ಐದರಲ್ಲೇ ಆಕ್ಸಲರೇಟರ್ ತುಳಿಯುತ್ತೇವಲ್ಲ, ಅದೇ ಇದಕ್ಕೆ ಸರಿಯಾದ ಸಂದರ್ಭ. ಇದರಲ್ಲಿ ಎಂಜಿನ್ ಆಯಿಲಿನ ಪಾತ್ರವೂ ಇದೆ. ಆಯಿಲಿನ ಎಪಿಐ ಎಸ್‌ಎನ್ ಪ್ಲಸ್ ದರ್ಜೆ ಬಂದದ್ದೇ ಮುಖ್ಯವಾಗಿ ಈ ತೊಂದರೆ ತಡೆಯಲು, ಎಸ್‌ಪಿ ದರ್ಜೆಯಲ್ಲೂ ಆ ರಕ್ಷಣೆ ಇದೆ. ಕಂಪನಿ ಹೇಳಿದ ಗ್ರೇಡಿನ ಆಯಿಲ್ ಬಿಟ್ಟು ಅಗ್ಗದ್ದು ಹಾಕುವವರಿಗೆ ರೀಮ್ಯಾಪ್ ಬೇಡ ಅಂತ ನೇರವಾಗಿ ಹೇಳುತ್ತೇನೆ.

ನನ್ನ ಪ್ರಕಾರ ದಿನದ ಕಾರಿಗೆ ಒಳ್ಳೆಯ ಟ್ಯೂನ್ ಅಂದರೆ 2000 ಆರ್‌ಪಿಎಂ ಕೆಳಗೆ ಟಾರ್ಕ್ ಕಂಪನಿ ಕೊಟ್ಟಷ್ಟೇ ಇರಬೇಕು. ಅಲ್ಲಿಂದ ಮೆಲ್ಲಗೆ ಏರಬೇಕು, ಮೇಲೆ ಬೇಗ ಬೀಳಬಾರದು. ಗ್ರಾಫ್ ನೋಡಿದರೆ ಗುಡ್ಡದ ಮೆಲ್ಲನೆಯ ಏರಿನಂತೆ ಇರಬೇಕು, ಗೋಡೆಯಂತೆ ನಿಲ್ಲಬಾರದು.

ಗೇರ್‌ಬಾಕ್ಸಿನ ಮಿತಿಯೂ ಇದೆ. ಫೋಕ್ಸ್‌ವ್ಯಾಗನ್ನಿನ ಏಳು ಗೇರಿನ ಡ್ರೈ ಕ್ಲಚ್ ಆಟೊಮ್ಯಾಟಿಕ್ ಡಿಎಸ್‌ಜಿ, ಅಂದರೆ ಡಿಕ್ಯು200, 250 ನ್ಯೂಟನ್ ಮೀಟರಿಗೆ ಮಾಡಿದ್ದು. 1.5 ಟಿಎಸ್‌ಐ ಎಂಜಿನ್ ಕಂಪನಿಯಿಂದಲೇ 250 ಕೊಡುತ್ತದೆ. ಆ ಜೋಡಿಗೆ "ಸ್ಟೇಜ್ 1 ಹಾಕಿ" (ಬಿಡಿಭಾಗ ಬದಲಿಸದೆ ಫೈಲಿನಿಂದಲೇ ಪವರ್ ಏರಿಸಿ) ಅಂದಾಗ ಟಾರ್ಕ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೀವೇ ಯೋಚಿಸಿ. ಮ್ಯಾನ್ಯುಯಲ್‌ನಲ್ಲಿ ಕ್ಲಚ್ ಹಳೆಯದಾಗಿದ್ದರೆ ಮೇಲಿನ ಗೇರಿನಲ್ಲಿ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ.

ಬೆಂಗಳೂರಿಗೆ ಸಂಬಂಧಪಟ್ಟ ಇನ್ನೊಂದು ಸಂಗತಿ ಎತ್ತರ. ನಾವು ಸುಮಾರು 900 ಮೀಟರ್ ಮೇಲಿದ್ದೇವೆ, ಹೊರಗಿನ ಗಾಳಿಯ ಒತ್ತಡ ಸುಮಾರು 0.9 ಬಾರ್. ಎಂಜಿನ್ನಿಗೆ ಒಟ್ಟು 2 ಬಾರ್ ಬೇಕೆಂದರೆ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು, ಇಲ್ಲಿ 2.2 ಪಟ್ಟು. ಊಟಿಯಲ್ಲಿ 2.5 ಪಟ್ಟು ದಾಟುತ್ತದೆ. ಟರ್ಬೊ ಅಷ್ಟು ಜೋರಾಗಿ ತಿರುಗಬೇಕು, ಗಾಳಿ ಅಷ್ಟು ಬಿಸಿಯಾಗುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತು ಹೊರಟ ಕಾರಿನ ಎಂಜಿನ್ನಿಗೆ ಹೋಗುವ ಗಾಳಿ ಮೊದಲೇ ಬಿಸಿ. ಸಮುದ್ರಮಟ್ಟದ ಊರಿನಲ್ಲಿ, ತಣ್ಣನೆ ಹವೆಯಲ್ಲಿ ಪರೀಕ್ಷೆ ಮಾಡಿದ ಫೈಲ್ ಇಲ್ಲಿಗೆ ಹಾಗೇ ಹೊಂದುವುದಿಲ್ಲ.

ಸೆನ್ಸರ್ ವೈರಿನ ಮಧ್ಯೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್ ಬಗ್ಗೆ ಕೇಳುತ್ತಾರೆ. ಅದು ಇಸಿಯುಗೆ ಬೂಸ್ಟ್ ಕಮ್ಮಿ ಇದೆ ಅಂತ ಸುಳ್ಳು ಹೇಳಿ ಕೆಲಸ ಮಾಡಿಸುತ್ತದೆ. ನನಗೆ ಒಪ್ಪಿಗೆ ಇಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಬರೀ ಡೌನ್‌ಪೈಪ್ ಹಾಕುವುದೂ ಬೇಡ, ಆ ಹೊಗೆ ಕುಡಿಯುವವರು ಹಿಂದಿನ ಬೈಕಿನವರು.

ಕಾನೂನಿನ ಮಾತನ್ನೂ ಮುಂಚೆಯೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟು ಆರ್‌ಸಿಯಲ್ಲಿ ದಾಖಲಾದ ವಿವರಕ್ಕಿಂತ ವಾಹನ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ. ವಾರಂಟಿ ಹೋಗಬಹುದು, ಇನ್ಶೂರೆನ್ಸ್ ಕ್ಲೇಮಿಗೂ ತೊಡಕಾಗಬಹುದು. ಇದನ್ನು ತಿಳಿದ ಮೇಲೂ ಬೇಕು ಅನ್ನುವವರ ಜೊತೆ ಮಾತ್ರ ಮುಂದಿನ ಮಾತು.

ಸಕಲೇಶಪುರದ ಆ ಸರ್ ಕೊನೆಗೆ 95 ಆಕ್ಟೇನ್ ಫೈಲಿಗೆ ಒಪ್ಪಿದರು. ಫೈಲ್ ಹಾಕುವ ಮುಂಚೆ ಕಾರಿನ ಮೂಲ ಸ್ಥಿತಿಯ ಲಾಗ್ ತೆಗೆದೆವು. ಆಮೇಲೆ ಮಧ್ಯಾಹ್ನದ ಬಿಸಿಲಲ್ಲಿ, ಎಸಿ ಹಾಕಿಕೊಂಡು, ಸಾದಾ ಇ20 ತುಂಬಿಸಿ ಮತ್ತೆ ತೆಗೆದೆವು. ಟೈಮಿಂಗ್ ಎಷ್ಟು ಹಿಂದೆ ಸರಿಯಿತು, ಎಂಜಿನ್ನಿಗೆ ಹೋಗುವ ಗಾಳಿ ಎಷ್ಟು ಬಿಸಿಯಾಯಿತು, ಕೇಳಿದ ಬೂಸ್ಟಿಗೂ ಬಂದ ಬೂಸ್ಟಿಗೂ ವ್ಯತ್ಯಾಸ ಎಷ್ಟು, ರೈಲ್ ಪ್ರೆಶರ್ ನಿಂತಿತೇ ಅಂತ ಸಾಲುಸಾಲಾಗಿ ಕೂತು ನೋಡಿದೆವು. ಯಾವಾಗಲೋ ಒಂದು ಸಿಲಿಂಡರ್ ಒಂದೆರಡು ಡಿಗ್ರಿ ಹಿಂದೆ ಸರಿದರೆ ಪರವಾಗಿಲ್ಲ. ಎಲ್ಲವೂ ಒಟ್ಟಿಗೆ ನಾಲ್ಕೈದು ಡಿಗ್ರಿ ಸರಿಯುತ್ತಿದ್ದರೆ ಫೈಲ್ ಇಳಿಸಬೇಕು. ನೀವು ಎಲ್ಲೇ ಮಾಡಿಸಿ, ಡೈನೊ (ಪವರ್ ಅಳೆಯುವ ಯಂತ್ರ) ಕೊಟ್ಟ ಕಾಗದದ ಜೊತೆ ಈ ಎರಡು ಲಾಗ್ ಮತ್ತು ಕಾರಿನ ಮೂಲ ಫೈಲಿನ ಕಾಪಿ ಕೇಳಿ ಇಟ್ಟುಕೊಳ್ಳಿ.